ಪಾತಿಯ ಮಣ್ಣು

"ಗುದ್ದಲಿ ಕೆಳಗಿಡಿ ಭಾವ."

ಭಾವ ಇಡಲಿಲ್ಲ. ಒಂದು ಕಾಲನ್ನು ಪಾತಿಯೊಳಗೆ ಊರಿ, ಇನ್ನೊಂದನ್ನು ಇಟ್ಟಿಗೆಯ ಅಂಚಿನ ಮೇಲಿಟ್ಟು, ಇಸ್ತ್ರಿ ಮಾಡಿದ ಕಪ್ಪು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ನಿಂತಿದ್ದರು. ಪಕ್ಕದಲ್ಲಿ ಬಚ್ಚಲಿನ ನೀಲಿ ಬಕೆಟ್ಟು. ಗುದ್ದಲಿ ಎತ್ತಿ ಇಳಿಸಿದರು. ಸದ್ದೇ ಆಗಲಿಲ್ಲ. ಆ ಸದ್ದಿಲ್ಲದ ಇಳಿತವೇ ಅವಳನ್ನು ಕೆರಳಿಸಿತು. ಈ ಹಿತ್ತಲಿಗೆ ಮೊದಲ ಗುದ್ದಲಿ ಬಿದ್ದ ದಿನ ಕಿಡಿ ಹಾರಿತ್ತು. ಇದು ಇಷ್ಟು ಮೆತ್ತಗಾಗುವಷ್ಟರಲ್ಲಿ ಯಾರ ಸೊಂಟ ಬಿದ್ದುಹೋಗಿದೆ ಅಂತ ಇವರಿಗೇನು ಗೊತ್ತು?

"ಎರಡು ಬೊಗಸೆ ಸಾಕಮ್ಮ," ಎಂದರು ಭಾವ, ಏದುಸಿರು ಬಿಡುತ್ತ. "ಹೂಳೋ ಗುಂಡಿಗೆ ಹಾಕೋಕೆ. ನನ್ನ ತಮ್ಮ ಜೀವಮಾನವೆಲ್ಲ ಇದರಲ್ಲೇ ಕಳೆದ. ಅವನ ಮಣ್ಣು ಅವನ ಜೊತೆಗೇ ಹೋಗ್ಲಿ."

"ಎರಡು ಬೊಗಸೆಗೆ ಬಕೆಟ್ ಯಾಕೆ?"

"ಬಂದಿರೋರೆಲ್ಲ ಒಂದೊಂದು ಹಿಡಿ ಹಾಕಬೇಕಲ್ಲ. ಬೀದಿಗೆ ಬೀದೀನೇ ಬಂದಿದೆ, ನೋಡಿದ್ಯಾ?"

ನೋಡಿದ್ದಳು. ಬೀದಿ ಹಿಂಬಾಗಿಲಿಗೂ ಬಂದು ನಿಂತಿತ್ತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಟೈಲರಮ್ಮ, ಅತ್ತು ಅತ್ತು ಊದಿದ ಮುಖ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

"ಅಕ್ಕಾ, ನಂಗೂ ಒಂಚೂರು ಹಾಕಿಸಿಕೊಡಿ. ನೆನಪಿಗೆ. ಒಂದು ಕುಂಡಕ್ಕೆ ಆಗೋಷ್ಟು."

"ಹೋದ ವರ್ಷ ಆರು ಕುಂಡಕ್ಕೆ ಕೊಟ್ಟಿದ್ರಲ್ಲ," ಎಂದಳು ಅವಳು.

"ಅದು ಅವರಿದ್ದಾಗ ಕೊಟ್ಟಿದ್ದು ಅಕ್ಕಾ. ಇದು ನೆನಪಿಗೆ."

ಟೈಲರಮ್ಮನ ಹಿಂದೆ ಯಾರೋ ಇನ್ನೊಂದು ಚೀಲ ಬಿಡಿಸಿದ ಸರಸರ ಸದ್ದು ಕೇಳಿಸಿತು. ಸಾವಿನ ಮನೆಗೆ ಬರುವಾಗ ಜನ ಖಾಲಿ ಚೀಲ ಯಾಕೆ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ? ಅವಳು ಪಾತಿಗೆ ಇಳಿದು ಗುದ್ದಲಿಯ ಕಾವಿಗೆ ಕೈ ಹಾಕಿದಳು. ಒಂದು ಕ್ಷಣ ಇಬ್ಬರೂ ಜಗ್ಗಿದರು. ವಯಸ್ಸಾದವರು, ಮೇಲಾಗಿ ಎಲ್ಲರೂ ನೋಡುತ್ತಿದ್ದರು. ಭಾವ ಕೈ ಬಿಟ್ಟರು.

ಆಗ ಅವಳಿಗೆ ಅದು ಕಂಡಿತು. ಗೋಡೆಯ ಬದಿಯಲ್ಲಿ, ಒಣಗಿದ ಎಲೆ ಹರವಿದ್ದ ಕಡೆ, ಒಂದು ತಗ್ಗು. ಎಲೆಯನ್ನು ಮತ್ತೆ ನೀಟಾಗಿ ಮೇಲೆ ಎಳೆದು ಮುಚ್ಚಿದ್ದರೂ ನಡುವೆ ಕುಸಿದು ಬಟ್ಟಲಾಗಿತ್ತು.

"ಅಲ್ಲೂ ಅಗೆದ್ರಾ?"

"ಆ ಕಡೆ ನಾನು ಹೋಗೇ ಇಲ್ಲಮ್ಮ. ಈಗಿನ್ನೂ ಇಳಿದೆ."

"ಅಮ್ಮ," ಎಂದಳು ಮಗಳು, ಹಿಂಬಾಗಿಲಿನಿಂದ. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚುವ ಹುಡುಗಿ. ಇಂಥ ಗಲಾಟೆಗೆಲ್ಲ ಬೆದರುವವಳಲ್ಲ. ಆದರೂ ಇವತ್ತು ದನಿ ತಗ್ಗಿಸಿದ್ದಳು. "ಇವತ್ತೊಂದು ದಿನ ಬಿಟ್ಟುಬಿಡಮ್ಮ. ಒಳಗೆ ಅಪ್ಪ ಒಬ್ಬರೇ ಇದ್ದಾರೆ."

ಗುದ್ದಲಿಯನ್ನು ಹಿಡಿದುಕೊಂಡೇ ಅವಳು ಒಳಗೆ ಹೋದಳು.

*

ಅವಳ ಗಂಡ ಕರೆಂಟ್ ಮೀಟರ್ ಓದುವ ಕೆಲಸದಲ್ಲಿದ್ದ. ಮೀಟರ್ ಓದುವವನಿಗೆ ಊರಿನ ಎಲ್ಲ ಮನೆಗಳ ಹಿಂಭಾಗ ಗೊತ್ತು. ಮುಂಬಾಗಿಲಿನಲ್ಲಿ ಗುಲಾಬಿ ಕುಂಡ ಇಟ್ಟವರ ಹಿತ್ತಲಲ್ಲಿ ಮುರಿದ ಕಮೋಡ್ ಬಿದ್ದಿರುವುದನ್ನು ಅವನು ಕಂಡಿದ್ದ. ಅವನಿಗೆ ಅದರ ಬಗ್ಗೆ ಆಡಿಕೊಳ್ಳುವ ಚಟವಿರಲಿಲ್ಲ. ಅವನ ಚಟ ಬೇರೆ. ಮೀಟರ್ ನೋಡಿ ಅಂಕಿ ಬರೆದುಕೊಂಡ ಮೇಲೆ ಬಗ್ಗಿ ಒಂದು ಚಿಟಿಕೆ ಮಣ್ಣು ಎತ್ತಿ ಮೂಸುತ್ತಿದ್ದ. ಮನೆಯವರು ನೋಡುತ್ತಿದ್ದರೆ ನಾಲಿಗೆಗೂ ಇಟ್ಟುಕೊಳ್ಳುತ್ತಿದ್ದ.

"ಸುಣ್ಣ ಜಾಸ್ತಿ ಇದೆ ನಿಮ್ಮಲ್ಲಿ," ಎನ್ನುತ್ತಿದ್ದ, ಡಾಕ್ಟರ ಗತ್ತಿನಲ್ಲಿ. "ಒಂದು ಬಾಟಲಿ ಕೊಡಿ, ನೋಡಿ ಹೇಳ್ತೀನಿ."

ಜಾಮ್ ಖಾಲಿಯಾದ ಬಾಟಲಿಯಲ್ಲಿ ಮಣ್ಣು ತುಂಬಿಸಿಕೊಂಡು ಬರುತ್ತಿದ್ದ. ಮೇಲೆ ನೀರು ಹೊಯ್ದು, ಚೂರು ಸೋಪಿನ ಪುಡಿ ಉದುರಿಸಿ, ಮುಚ್ಚಳ ಬಿಗಿದು, ಎರಡೂ ಕೈಯಲ್ಲಿ ಕುಲುಕಿ, ಕಿಟಕಿಯ ಅಂಚಿಗೆ ಇಡುತ್ತಿದ್ದ. ಮರಳು ಮೊದಲು ಇಳಿಯುತ್ತಿತ್ತು. ಅದರ ಮೇಲೆ ನವುರು ಹೂಳು. ಜೇಡಿ ಮಾತ್ರ ಸತಾಯಿಸುತ್ತಿತ್ತು. ಮಾರನೇ ದಿನವೂ ನೀರು ಕದಡಿಕೊಂಡೇ ಇರುತ್ತಿತ್ತು. ಕೊನೆಗೆ ಪದರ ಪದರವಾಗಿ ನಿಂತ ಮೇಲೆ ಬೆರಳಿಟ್ಟು ಅಳೆದು, ಯಾವುದು ಎಷ್ಟು, ಏನು ಬೆರೆಸಬೇಕು ಅಂತ ಬಾಟಲಿಯ ಯಜಮಾನರಿಗೆ ಹೋಗಿ ಹೇಳಿ ಬರುತ್ತಿದ್ದ. ಬೀದಿ ಅವನಿಗೆ ಬಾಟಲಿ ಮೇಷ್ಟ್ರು ಅಂತ ಹೆಸರಿಟ್ಟಿತು. ಅವನು ಅದನ್ನು ಬಿರುದು ಅಂತಲೇ ತಿಳಿದಿದ್ದ.

ಅವರ ಸ್ವಂತ ಹಿತ್ತಲಿನ ಬಾಟಲಿಯೇ ಎಲ್ಲಕ್ಕಿಂತ ಮೊದಲಿನದು. ಅದರಲ್ಲಿ ಪದರವೇ ಇರಲಿಲ್ಲ. ಇಟ್ಟಿಗೆ ಚೂರು, ಗಾರೆ, ಗಾಜು, ಒಂದು ಮೊಳೆ. ಮನೆ ಕಟ್ಟಿದವರು ಉಳಿದದ್ದನ್ನೆಲ್ಲ ಹಿಂದಕ್ಕೆ ತಳ್ಳಿ ಹೋಗಿದ್ದರು. ವಿನೆಗರ್ ಹಾಕಿದರೆ ಬುಸ್ ಎಂದು ನೊರೆ ಬಂತು, ಅಷ್ಟು ಸುಣ್ಣ.

"ಆಗುತ್ತೆ," ಎಂದಿದ್ದ ಅವನು. "ಒಂದೆರಡು ವರ್ಷ ಬೇಕು ಅಷ್ಟೆ. ಆಮೇಲೆ ನೀನು ಅಂಗಡಿ ಕಡೆ ತಲೆ ಹಾಕಿ ಮಲಗೋದೂ ಬೇಡ. ಬೀನ್ಸು, ಟೊಮೆಟೊ, ಸೊಪ್ಪು, ಎಲ್ಲ ಬಾಗಿಲು ತೆಗೆದ್ರೆ ಸಿಗುತ್ತೆ."

ಪರೀಕ್ಷೆ ಅವನು ಮಾಡಿದ. ಮಣ್ಣು ಮಾಡಿದ್ದು ಅವಳು. ಅವನು ಬೆಳಿಗ್ಗೆ ಬೀದಿ ಸುತ್ತಲು ಹೋದರೆ ಅವಳು ಹಳೆಯ ಕಿಟಕಿಯ ಜಾಲರಿಯನ್ನು ಎರಡು ಕಲ್ಲಿನ ಮೇಲೆ ಓರೆಯಾಗಿಟ್ಟು ಮಣ್ಣು ಜರಡಿ ಹಿಡಿಯುತ್ತಿದ್ದಳು. ತರಕಾರಿ ಸಿಪ್ಪೆ, ಚಹಾ ಚರಟ, ಮೊಟ್ಟೆ ಚಿಪ್ಪು, ಬೀದಿ ಮರದ ಎಲೆ, ಬಡಗಿಯ ಹತ್ತಿರ ಬೇಡಿ ತಂದ ಹೊಟ್ಟು. ಮೂಲೆಯ ಗುಂಡಿಯಲ್ಲಿ ಒಂದರ ಮೇಲೊಂದು ಹಾಕಿ, ಕೋಲಿನಲ್ಲಿ ತಿರುವಿ, ಮೂಗು ಮುಚ್ಚಿಕೊಂಡು ಮತ್ತೆ ತಿರುವಿ. ಅವಳ ಹಸಿರು ಸ್ವೆಟರಿನ ಒಂದು ಗುಂಡಿ ಆ ಗೊಬ್ಬರದಲ್ಲೇ ಎಲ್ಲೋ ಕಳೆದುಹೋಯಿತು. ಹುಡುಕಿದಳು, ಸಿಗಲಿಲ್ಲ. ಗುಂಡಿ ಇಲ್ಲದ ಸ್ವೆಟರನ್ನೇ ಹಾಕಿಕೊಂಡಳು. ಸಂಜೆ ಬಂದು ಅವನು ಒಂದು ಹಿಡಿ ಎತ್ತಿ ಮೂಸಿ, "ಭೇಷ್," ಎನ್ನುತ್ತಿದ್ದ, ಮಣ್ಣಿಗೆ.

*

ನಡುಮನೆಯಲ್ಲಿ, ಊಟದ ಮೇಜನ್ನು ಗೋಡೆಗೆ ಸರಿಸಿದ ಜಾಗದಲ್ಲಿ, ಅವನು ಪೆಟ್ಟಿಗೆಯೊಳಗೆ ಮಲಗಿದ್ದ. ಮಗಳು ಅವನ ಉಗುರುಗಳನ್ನು ಬ್ರಶ್ ಹಾಕಿ ಉಜ್ಜಿದ್ದಳು. ಆದರೂ ಕಪ್ಪು ಗೆರೆ ಪೂರ್ತಿ ಹೋಗಿರಲಿಲ್ಲ.

ಬಂದವರು ಅವನನ್ನು ನೋಡಿ, ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತು, ಆಮೇಲೆ ಕಿಟಕಿಯ ಕಡೆ ಸರಿಯುತ್ತಿದ್ದರು. ಕಿಟಕಿಯಂಚಿನ ತುಂಬ ಬಾಟಲಿಗಳು. ಪ್ರತಿಯೊಂದರ ಮೇಲೂ ಅವನು ಅಂಟಿಸಿದ ಚೀಟಿ.

"ಇದು ನಮ್ಮನೇದು!" ಎಂದಳು ಮೂಲೆಮನೆಯ ಹೆಂಗಸು, ಕಳೆದುಹೋದ ಮಗು ಸಿಕ್ಕಿದ ಹಾಗೆ.

"ನಮ್ಮದು ಇಲ್ಲಿ. ನೋಡಿ, ಎಷ್ಟು ಜೇಡಿ. ಅವರು ಹೇಳಿದ್ರು, ನಿಮ್ಮಲ್ಲಿ ಗಿಡ ಬೆಳೆಯೋಲ್ಲ, ಮಡಕೆ ಮಾಡಿ ಅಂತ." ಹೇಳಿದ ಗಂಡಸು ನಗಲು ಹೋಗಿ ಪೆಟ್ಟಿಗೆ ನೋಡಿ ಕೆಮ್ಮಿದ.

"ಆಮೇಲೆ ಏನು ಮಾಡಿದ್ರಿ?"

"ಏನು ಮಾಡೋದು, ಪಾಪ, ಅವರೇ ನಾಲ್ಕು ಮೂಟೆ ತಂದು ಹಾಕಿದ್ರು. ಈಗ ನಮ್ಮ ಮನೆ ಸೋರೆಕಾಯಿ ನೋಡಬೇಕು ನೀವು!"

"ದೇವರಂಥ ಮನುಷ್ಯ. ಇಲ್ಲ ಅನ್ನೋ ಮಾತು ಆ ಬಾಯಲ್ಲಿ ಬರ್ತಿರಲಿಲ್ಲ."

ಮೂಲೆಮನೆಯವಳು ತನ್ನ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಏನು ಹೊಳೆಯಿತೋ, ಮುಚ್ಚಳ ಹಿಡಿದು ಕುಲುಕಿದಳು. ಎಷ್ಟೋ ವರ್ಷದಿಂದ ಅಲ್ಲಾಡದೆ ಕೂತಿದ್ದ ಪದರಗಳು ಒಂದೇ ಏಟಿಗೆ ಕೆಸರಾದವು.

"ಇಡ್ರೀ ಅದನ್ನ!"

ಮೂಲೆಮನೆಯವಳು ಬಾಟಲಿ ಇಟ್ಟು, ಗುದ್ದಲಿ ಹಿಡಿದು ನಿಂತ ವಿಧವೆಯನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದಳು. "ಪಾಪ, ತಲೆ ಕೆಟ್ಟಿದೆ," ಎಂದು ಯಾರೋ ಪಿಸುಗುಟ್ಟಿದರು. "ಕೆಡದೆ ಇರುತ್ತಾ? ಮಾತ್ರೆ ತರೋಕೆ ಅಂತ ಹೋದ ಮನುಷ್ಯ, ಔಷಧಿ ಅಂಗಡಿ ಮೆಟ್ಟಿಲ ಮೇಲೇ..."

ಅಡುಗೆಮನೆಯಲ್ಲಿ ಚಹಾ ಕಪ್ಪುಗಳ ನಡುವೆ ಒಂದು ತಟ್ಟೆ, ತಟ್ಟೆಯಲ್ಲಿ ಒದ್ದೆ ಬಟ್ಟೆಯ ಗಂಟು. ಅವಳು ಬಿಚ್ಚಿ ನೋಡಿದಳು. ಬೀನ್ಸ್ ಬೀಜಗಳೆಲ್ಲ ಸಿಪ್ಪೆ ಒಡೆದು ಬಿಳಿಯ ಬೇರು ಚಾಚಿದ್ದವು. ಇವತ್ತು ನೆಲಕ್ಕೆ ಹೋಗದಿದ್ದರೆ ನಾಳೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿಡಿಸಲು ಹೋದರೆ ಬೇರು ಮುರಿಯುತ್ತದೆ. ಯಾರಾದರೂ ಕಸ ಅಂತ ಎಸೆದುಬಿಟ್ಟಾರು ಎಂದು ಬಟ್ಟೆಗೆ ನೀರು ಚಿಮುಕಿಸಿ, ಗಂಟು ಕಟ್ಟಿ, ತನ್ನ ಕೈಚೀಲಕ್ಕೆ ಹಾಕಿಕೊಂಡಳು.

*

ಇಲ್ಲ ಅನ್ನುವ ಮಾತು ಆ ಬಾಯಲ್ಲಿ ಬರುತ್ತಿರಲಿಲ್ಲವಂತೆ. ಬರುತ್ತಿತ್ತು. ಊರಿಗೆಲ್ಲ ಹೇಳಬೇಕಾದ 'ಇಲ್ಲ'ಗಳನ್ನು ಅವನು ಜೋಪಾನವಾಗಿ ಕೂಡಿಸಿಕೊಂಡು ಸಂಜೆ ಮನೆಗೆ ತರುತ್ತಿದ್ದ.

"ಈ ವರ್ಷ ಹಾಕೋಣವೇನ್ರೀ?"

"ನಮ್ಮದು ಇನ್ನೂ ಹದ ಆಗಿಲ್ಲ ಕಣೇ."

"ಹೋದ ವಾರ ಟೈಲರಮ್ಮನಿಗೆ ಕೊಟ್ಟಿದ್ದು ಹದ ಆಗಿತ್ತಾ?"

"ಅದು ಮೇಲಿನ ಪದರ. ಮೇಲಿಂದು ತೆಗೆದ್ರೆ ಕೆಳಗಿಂದು ಸುಧಾರಿಸುತ್ತೆ. ನಿಂಗೆ ಇದೆಲ್ಲ ತಿಳಿಯೋಲ್ಲ."

ತಿಳಿಯುತ್ತಿತ್ತು. ಮೇಲಿನ ಪದರ ಅಂದರೆ ಹೋದ ವರ್ಷದ ಅವಳ ಮೈಬೆವರು. ಅದು ಸೈಕಲ್ಲಿನ ಹಿಂದೆ ಮೂಟೆಯಾಗಿ ಕೂತು ಹೋಗುತ್ತಿತ್ತು. ಪಾತಿ ಮೊಣಕಾಲುದ್ದ ತಗ್ಗುತ್ತಿತ್ತು. ಅವಳು ಮತ್ತೆ ಜಾಲರಿ ಇಳಿಸುತ್ತಿದ್ದಳು, ಮತ್ತೆ ಬಡಗಿಯ ಹತ್ತಿರ ಹೋಗುತ್ತಿದ್ದಳು. ಒಂದು ವರ್ಷ ಹಟ ಹಿಡಿದು ಅವನಿಗೆ ಹೇಳದೆ ಟೊಮೆಟೊ ಸಸಿ ನೆಟ್ಟಳು. ಅವನು ಒಂದೊಂದನ್ನೇ ಬೇರು ಸಮೇತ ಎಬ್ಬಿಸಿ, ಒದ್ದೆ ಕಾಗದದಲ್ಲಿ ಸುತ್ತಿ, "ಇಲ್ಲಿ ಸುಮ್ಮನೆ ಸಾಯುತ್ವೆ," ಎಂದು ಮೂಲೆಮನೆಗೆ ಕೊಟ್ಟು ಬಂದ. ಅಲ್ಲಿ ಅವು ಬದುಕಿದವು. ಕಾಯಿ ಬಿಟ್ಟಾಗ ಮೂಲೆಮನೆಯವಳು ನಾಲ್ಕು ಟೊಮೆಟೊ ಕಳಿಸಿದಳು. ಅವನು ಅವನ್ನು ಮೇಜಿನ ಮೇಲೆ ಸಾಲಾಗಿಟ್ಟು ಊಟದುದ್ದಕ್ಕೂ ನೋಡಿದ.

"ನೋಡೇ, ನಮ್ಮ ಮಣ್ಣು!"

ಅವಳು ಅವನ್ನು ಬಾಯಿಗಿಡಲಿಲ್ಲ. ಅಂಗಡಿಯಿಂದ ತಂದದ್ದನ್ನೇ ಹೆಚ್ಚಿದಳು.

ಈ ವರ್ಷ ಅವಳು ಬಾಯಿ ಬಿಟ್ಟು ಕೇಳಲೇ ಇಲ್ಲ. ಹಿತ್ತಲಿನ ಸಣ್ಣ ಗೇಟಿಗೆ ಬೀಗ ತಂದು ಜಡಿದು, ಕೀಲಿಯನ್ನು ಅವನ ಚಹಾ ಕಪ್ಪಿನ ಪಕ್ಕ ಇಟ್ಟಳು. ಅವನು ಕೀಲಿಯನ್ನು ನೋಡಿದ, ಅವಳನ್ನು ನೋಡಿದ. ಎದ್ದು ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಮುಷ್ಟಿ ಕಟ್ಟಿದ. ಕೈ ತೆರೆದಾಗ ಮಣ್ಣು ಉಂಡೆಯಾಗಿ ನಿಂತಿತ್ತು. ಅದನ್ನು ಅವಳ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಉಂಡೆ ನಿಶ್ಶಬ್ದವಾಗಿ ಪುಡಿಯಾಯಿತು.

"ಅಂಟಲೂ ಇಲ್ಲ, ಜಾರಲೂ ಇಲ್ಲ. ಹದ ಅಂದ್ರೆ ಇದೇ," ಎಂದ. ಅವನ ಕಣ್ಣು ತುಂಬಿತ್ತು. "ಈ ಸಲ ನಿಂದೇ. ಪೂರ್ತಿ ನಿಂದೇ. ನೆನೆ ಹಾಕು ಬೀಜ."

ಅವಳು ನೆನೆ ಹಾಕಿದಳು. ಮಾರನೇ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವನು ಬಾಗಿಲಿನಾಚೆಯಿಂದ ಕೂಗಿ ಹೇಳಿದ: "ಬಿಪಿ ಮಾತ್ರೆ ಮುಗಿದಿದೆ ಕಣೇ, ತಗೊಂಡು ಬರ್ತೀನಿ."

*

ಪೆಟ್ಟಿಗೆಯ ಮುಚ್ಚಳ ಹಾಕುವ ಹೊತ್ತಿಗೆ ಔಷಧಿ ಅಂಗಡಿಯವನು ಬಂದ. ಬೀದಿಯ ಕೊನೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ದಪ್ಪ ಮನುಷ್ಯ. ಅವನನ್ನು ಆಸ್ಪತ್ರೆಗೆ ಸಾಗಿಸಿದ್ದು ಇವನೇ, ಮನೆಗೆ ತಂದು ಬಿಟ್ಟದ್ದೂ ಇವನೇ. ಬಂದವನೇ ಅವಳ ಎರಡೂ ಕೈ ಹಿಡಿದುಕೊಂಡು ಬಿಕ್ಕಿದ.

"ನನ್ನಿಂದಾನೇ ಆಗಿದ್ದು ಅತ್ತಿಗೆ. ನಾನು ಅವತ್ತು ಹೇಳಿದೆ, ಬೇಡ ಮೇಷ್ಟ್ರೇ, ಲಿಫ್ಟ್ ಇಲ್ಲ, ಆಳು ಕರೀತೀನಿ ಅಂತ. ಕೇಳಲೇ ಇಲ್ಲ. ನಾನೇ ಹೊತ್ತು ತರ್ತೀನಿ, ಆಳುಗಳು ಎಳೆದಾಡಿ ಮಣ್ಣು ಕೆಡಿಸ್ತಾರೆ ಅಂದ್ರು."

ಅವಳು ಕೈ ಬಿಡಿಸಿಕೊಂಡಳು. "ಏನು ಮಣ್ಣು?"

"ತಾರಸಿ ಮೇಲೆ ತೊಟ್ಟಿ ಕಟ್ಟಿಸಿದ್ನಲ್ಲ ಅತ್ತಿಗೆ. ಹೋದ ವಾರ ಬಂದು ನೋಡಿ, ಒಂದು ಮೂಟೆ ಹದವಾದ ಮಣ್ಣಿದೆ, ಕೊಡ್ತೀನಿ ಅಂದಿದ್ರು. ತಾರಸಿ ಮೆಟ್ಟಿಲ ತಿರುವಿನಲ್ಲಿ... ಮೂಟೆ ಭುಜದ ಮೇಲೇ ಇತ್ತು. ಬಿದ್ರೂ ಕೈ ಬಿಟ್ಟಿರಲಿಲ್ಲ." ಅವನು ಕರ್ಚೀಫಿನಿಂದ ಮುಖ ಒರೆಸಿಕೊಂಡ. "ನಿಮಗೆ ಹೇಳಿರಲಿಲ್ವಾ?"

"ಮಾತ್ರೆ ಅಂದಿದ್ರು," ಎಂದಳು ಅವಳು.

"ಮಾತ್ರೆ ಹೋದ ವಾರಾನೇ ಒಯ್ದಿದ್ರಲ್ಲ."

ಮೂರು ದಿನದಿಂದ ಅವಳು ಮಾತ್ರೆಯನ್ನು ಶಪಿಸಿದ್ದಳು. ತಾನೇ ಹೋಗಿ ತಂದಿದ್ದರೆ ಎಂದು ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ಅವಳು ಸೀದಾ ಅಡುಗೆಮನೆಗೆ ಹೋಗಿ ಅವನ ಮಾತ್ರೆಯ ಡಬ್ಬಿ ತೆಗೆದಳು. ತುಂಬಿತ್ತು. ಎಲೆ ಎಳೆದು ಮುಚ್ಚಿದ ತಗ್ಗು ಕಣ್ಣ ಮುಂದೆ ಬಂತು. ಎಷ್ಟು ನೀಟಾಗಿ ಮುಚ್ಚಿದ್ದ! ಸಂಜೆಯೊಳಗೆ ಬಂದು ಸರಿ ಮಾಡುತ್ತೇನೆ ಅಂದುಕೊಂಡಿದ್ದನೋ, ಅವಳಿಗೆ ಕಾಣುವುದಿಲ್ಲ ಅಂದುಕೊಂಡಿದ್ದನೋ. ಹೊರಗೆ ಯಾರೋ, "ನೋಡಿ, ಉಸಿರು ಹೋಗೋವರೆಗೂ ಇನ್ನೊಬ್ಬರಿಗೆ ಕೊಟ್ಟ ಜೀವ," ಎನ್ನುತ್ತಿದ್ದರು. ಉಳಿದವರು ಹೂಂಗುಟ್ಟಿದರು.

ಅವಳು ಡಬ್ಬಿಯನ್ನು ಚಹಾ ಕಪ್ಪುಗಳ ನಡುವೆ ಕುಕ್ಕಿದಳು.

ಮಗಳು ಬಂದು ಬಾಗಿಲಿಗೆ ಆತು ನಿಂತಳು. ಡಬ್ಬಿಯನ್ನು ನೋಡಿದಳು. "ಅಪ್ಪ ನಂಗೂ ಹೇಳಿದ್ರು," ಎಂದಳು. "ಫೋನ್ ಮಾಡಿ. ಈ ಸಲ ಅಮ್ಮನಿಗೇ ಬಿಟ್ಟಿದ್ದೀನಿ ಕಣೇ ಅಂತ. ಎಷ್ಟು ಖುಷಿಯಲ್ಲಿದ್ರು ಗೊತ್ತಾ?"

"ಖುಷಿಯಲ್ಲೇ ಇರ್ತಿದ್ರು," ಎಂದಳು ಅವಳು. "ಯಾವಾಗಲೂ."

"ಮೂಟೆ ಇನ್ನೂ ನಮ್ಮಲ್ಲೇ ಇದೆ," ಎಂದು ನಡುಮನೆಯಲ್ಲಿ ಔಷಧಿ ಅಂಗಡಿಯವನು ಭಾವನಿಗೆ ಹೇಳುತ್ತಿದ್ದ. "ಕಟ್ಟು ಕೂಡ ಬಿಚ್ಚಿಲ್ಲ. ಅದನ್ನೇ ತಂದುಬಿಡ್ತೀನಿ. ಅವರೇ ಹೊತ್ತ ಮಣ್ಣು."

"ಅದೇ ಸರಿ," ಎಂದರು ಭಾವ. "ಅದಕ್ಕಿಂತ ಇನ್ನೇನು ಬೇಕು?"

*

ಊರ ಹೊರಗಿನ ಸ್ಮಶಾನದಲ್ಲಿ ಮರವೂ ಕಡಿಮೆ, ನೆರಳೂ ಕಡಿಮೆ. ಗುಂಡಿ ತೋಡಿದ ಇಬ್ಬರು ಸಲಿಕೆಗೆ ಆತು ನಿಂತು, ಜನ ಬೇಗ ಮುಗಿಸಲಿ ಎಂದು ಕಾಯುತ್ತಿದ್ದರು. ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಮಣ್ಣು ಹಳದಿ. ಅವಳು ಗೊತ್ತಿಲ್ಲದೆಯೇ ಬಗ್ಗಿ ಒಂದು ಹೆಂಟೆ ಎತ್ತಿ ಮುಷ್ಟಿ ಕಟ್ಟಿದಳು. ಕೈ ತೆರೆದಾಗ ನಾಲ್ಕು ಬೆರಳಿನ ಗುರುತೂ ಅಚ್ಚೊತ್ತಿದ ಹಾಗೆ ಉಳಿದಿತ್ತು. ಹೆಬ್ಬೆರಳಿನಿಂದ ಒತ್ತಿದಳು. ಒಡೆಯಲಿಲ್ಲ, ಬಗ್ಗಿತು ಅಷ್ಟೆ. ಬರೀ ಜೇಡಿ. ಮಳೆ ಬಂದರೆ ನೀರು ಇಂಗದೆ ನಿಲ್ಲುತ್ತದೆ. ಎಷ್ಟು ಮೂಟೆ ಗೊಬ್ಬರ ಹಾಕಿದರೆ ಇದು ಸರಿಹೋದೀತು ಎಂದು ಅವಳ ತಲೆ ತಾನೇ ತಾನಾಗಿ ಲೆಕ್ಕ ಶುರುಮಾಡಿತು. ಅದನ್ನು ಅಲ್ಲೇ ನಿಲ್ಲಿಸಿದಳು.

ಪೆಟ್ಟಿಗೆ ಇಳಿಯಿತು. ಹಗ್ಗ ಮೇಲೆ ಬಂತು.

ಔಷಧಿ ಅಂಗಡಿಯವನು ಕಾರಿನಿಂದ ಮೂಟೆ ಇಳಿಸಿ, ಎದೆಗೆ ಅವಚಿಕೊಂಡು ತಂದು ಗುಂಡಿಯ ಅಂಚಿಗೆ ಇಟ್ಟ. ಭಾವ ಕಟ್ಟು ಬಿಚ್ಚಿ ಬಾಯಿ ಅಗಲ ಮಾಡಿದರು. ಹಳದಿ ನೆಲದ ಮೇಲೆ ಆ ಕಪ್ಪು ಬಾಯಿ ತೆರೆದುಕೊಂಡಿತು. ಒದ್ದೆ ಎಲೆಯ ವಾಸನೆ ಬಂತು. ಅಲ್ಲಲ್ಲಿ ಮೊಟ್ಟೆ ಚಿಪ್ಪಿನ ಬಿಳಿ ಚೂರು, ಒಂದು ಎರೆಹುಳದ ಬೆನ್ನು, ಮತ್ತು ಅಂಚಿನಲ್ಲಿ, ಅರ್ಧ ಹುದುಗಿ, ಸ್ವೆಟರಿನ ಹಸಿರು ಗುಂಡಿ.

ಅವಳು ಬಗ್ಗಿ ಗುಂಡಿಯನ್ನು ಎತ್ತಿಕೊಂಡಳು. ಒರೆಸಿದಳು. ನಾಲ್ಕು ತೂತೂ ಹಾಗೇ ಇದ್ದವು.

"ಮೊದಲು ನಿನ್ನ ಕೈಯಿಂದ ಬೀಳಲಿ," ಎಂದರು ಭಾವ, ಬೊಗಸೆ ತುಂಬ ಕಪ್ಪು ಮಣ್ಣು ಎತ್ತಿ ಅವಳ ಮುಂದೆ ಚಾಚುತ್ತ. ಹಿಂದೆ ಟೈಲರಮ್ಮ, ಮೂಲೆಮನೆಯವಳು, ಸೋರೆಕಾಯಿಯವನು, ಎಲ್ಲರೂ ತಮ್ಮ ಸರದಿಗೆ ಸಾಲಾಗಿದ್ದರು. ಟೈಲರಮ್ಮನ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇನ್ನೂ ಇತ್ತು.

ಅವಳು ತನ್ನ ಕೈಯಲ್ಲಿದ್ದ ಹಳದಿ ಹೆಂಟೆಯನ್ನು ಗುಂಡಿಯೊಳಗೆ ಬಿಟ್ಟಳು. ಅದು ಮುಚ್ಚಳದ ಮೇಲೆ ಧಡ್ ಎಂದು ಬಿದ್ದು, ಒಡೆಯದೆ, ಅವಳ ಬೆರಳ ಗುರುತು ಮೇಲೆ ಮಾಡಿಕೊಂಡು ಕೂತಿತು.

ಆಮೇಲೆ ಅವಳು ಮೂಟೆಯ ಬಾಯಿಯನ್ನು ಎರಡೂ ಕೈಯಿಂದ ಒಟ್ಟುಮಾಡಿ, ಕಟ್ಟು ಎಲ್ಲಿ ಬಿದ್ದಿದೆ ಎಂದು ಹುಡುಕಿದಳು. ಮಗಳು ಅದನ್ನು ಎತ್ತಿ ಕೊಟ್ಟಳು. ಅವಳು ಎರಡು ಸುತ್ತು ಸುತ್ತಿ ಬಿಗಿದಳು. ಭುಜದಲ್ಲಿ ಜೋತಿದ್ದ ಕೈಚೀಲ, ಬೀಜದ ಗಂಟಿನ ತೇವ ಇಳಿದು, ಒಂದು ಮಗ್ಗುಲು ತಣ್ಣಗಾಗಿತ್ತು.

ಭಾವನ ಬೊಗಸೆ ಇನ್ನೂ ಚಾಚಿಯೇ ಇತ್ತು. ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು.

"ಒಂದೇ ಒಂದು ಹಿಡಿ ಕಣಮ್ಮ," ಎಂದರು ಅವರು, ದನಿ ಇಳಿಸಿ. "ಎಲ್ಲರೂ ನೋಡ್ತಿದ್ದಾರೆ. ಅವನ ಮಣ್ಣು. ತಗೋ, ಹಾಕು."

"ಹಾಕಲ್ಲ," ಎಂದಳು ಅವಳು. "ಅದನ್ನೂ ಮೂಟೆಗೆ ಸುರೀರಿ."